ಚಪ್ಪರಕ್ಕೆ ಅಡ್ಡ ನಿಂತ ಬೇವು

ಮಗಳು ಶಿವರಂಜಿನಿಯ ಮದುವೆ ಗೊತ್ತಾದ ಕೂಡಲೆ ಪುಟ್ಟಮಾದುವಿನ ಕಣ್ಣು ಬಿದ್ದದ್ದು ಅಂಗಳದ ಬೇವಿನ ಮರದ ಮೇಲೆ. ಹಂಗಳ ಊರಿನ ಆ ಮನೆಯ ಮುಂದೆ ಚಪ್ಪರಕ್ಕೆ ಇದ್ದದ್ದೇ ಅಷ್ಟು ಜಾಗ. ನಟ್ಟನಡುವೆ ಬೇವು, ತಲೆಗೆ ತಾಕುವಷ್ಟು ಜೋತುಬಿದ್ದ ಕೊಂಬೆಗಳು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಜವಾನನಾಗಿದ್ದ ಅವನು ಎರಡು ದಿನ ರಜೆ ಹಾಕಿ, ಮರ ಕಡಿಯುವ ಚಿಕ್ಕಬೀರಯ್ಯನನ್ನು ಕರೆತಂದ.

“ಬುಡದಿಂದ್ಲೇ ತೆಗ್ದುಬುಡಣ್ಣ.”

ಚಿಕ್ಕಬೀರಯ್ಯ ಕೊಡಲಿಯ ಹಿಂಬದಿಯಿಂದ ಬೇವಿಗೆ ಬಡಿದ. ಗಟ್ಟಿ ಸದ್ದು. ಹಾಗೆಯೇ ಹಿತ್ತಲಿಗೆ ನಡೆದು, ಅಡುಗೆಮನೆಯ ಹೆಂಚಿನತ್ತ ವಾಲಿದ್ದ ಮಾವಿಗೂ ಬಡಿದ. ಅದು ತಮಟೆಯಂತೆ ಡಬಡಬ ಎಂದಿತು.

“ತಪ್ಪು ಮರ ತೋರುಸ್ತಿದ್ದೀಯ ಕಣ್ಲಾ ಮಾದು. ಓಗ್ಬೇಕಾದ್ದು ಇದು. ಬೇವು ಗಟ್ಟಿಯಾಗದ, ಜೋತ ಕೊಂಬೆ ಸವರುದ್ರೆ ಸಾಕು.”

ಪುಟ್ಟಮಾದುವಿಗೆ ಸಿಟ್ಟು ಬಂತು. ಅದು ಅವನ ಅವ್ವ ನೆಟ್ಟ ಮರ. “ಇದ್ನ ಮುಟ್ಬೇಡ. ಈ ವರ್ಷಾನೂ ಕಾಯಿ ಬುಟ್ಟದ.”

“ಒಂದು ಕೊಂಬೇಲಿ ಬುಟ್ಟದ. ಮಿಕ್ಕಿದ್ದೆಲ್ಲ ಒಣಗಿ ನಿಂತದ.” ಚಿಕ್ಕಬೀರಯ್ಯ ಬುಡದ ಸೀಳಿಗೆ ಹಾರೆ ತೂರಿಸಿದ; ಮೊಳದುದ್ದ ಸಲೀಸಾಗಿ ಇಳಿಯಿತು. “ಒಂದು ಬಿರುಗಾಳಿ ಸಾಕು, ಅಡುಗೆ ಮಾಡೋರ ಮ್ಯಾಲೇ ಬೀಳ್ತದ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮರಿತಾಯಮ್ಮ, “ನನ್ ಮ್ಯಾಲೆ ಬೀಳ್ಲಿ ಅಂತ ಅತ್ತೆ ನೆಟ್ಟಿರ್ನಿಲ್ಲ ಬುಡಿ” ಎಂದಳು.

ಪುಟ್ಟಮಾದು ನಕ್ಕುಬಿಟ್ಟ. ಕಾಂಡವನ್ನೊಮ್ಮೆ ಸವರಿ, “ಆಗ್ಲಣ್ಣ” ಎಂದ.

ಚಿಕ್ಕಬೀರಯ್ಯ ಮಾವಿನ ಬುಡ ಕಡಿದಂತೆ ಕೇರಿಯವರೆಲ್ಲ ಹಗ್ಗ ಹಿಡಿದು ಎಳೆದರು. ಮರ ಮನೆಯನ್ನು ಬಿಟ್ಟು ಖಾಲಿ ಹಿತ್ತಲಿಗೆ ಉರುಳಿತು. ಪೊಟರೆಯಿಂದ ತುಡುವೆ ಜೇನು ಗುಂಯ್ಯೆಂದು ಎದ್ದದ್ದೇ ತಡ, ಪುಟ್ಟಮಾದು ಪಂಚೆ ಎತ್ತಿಕಟ್ಟಿ ಓಡಿದ. ಶಿವರಂಜಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹುಳಗಳು ಹಾರಿಹೋದ ಮೇಲೆ ಚಿಕ್ಕಬೀರಯ್ಯ ನಾಲ್ಕು ಜೇನುಹುಟ್ಟು ತೆಗೆದುಕೊಟ್ಟ. ಹಗ್ಗ ಎಳೆದವರೆಲ್ಲ ಬೆರಳು ನೆಕ್ಕುತ್ತಾ ಕೂತರು.

ಮರುದಿನ ಚಿಕ್ಕಬೀರಯ್ಯ ಬೇವು ಹತ್ತಿ, ಜೋತ ಕೊಂಬೆಗಳನ್ನಷ್ಟೇ ಕೊಯ್ದ. ತೊಗಟೆ ಸುಲಿಯದಂತೆ ಮೊದಲು ಕೆಳಗಿನಿಂದ ಸ್ವಲ್ಪ ಗರಗಸ ಆಡಿಸಿ, ಆಮೇಲೆ ಮೇಲಿನಿಂದ ಕೊಯ್ಯುತ್ತಿದ್ದ. ಇಳಿದು ಬಂದಾಗ ಆಳೆತ್ತರದ ಮೇಲೆ ಹಸಿರು ಕೊಡೆ ಬಿಚ್ಚಿದಂತಿತ್ತು. ಚಪ್ಪರ ಅದರಡಿಯಲ್ಲೇ ಎದ್ದಿತು.

ಮದುವೆಯ ದಿನ ಕೆಂಡದಂಥ ಬಿಸಿಲು. ಊಟ ಮುಗಿಸಿದ ಪುಣಜನೂರಿನ ಬೀಗರು ಬೇವಿನ ನೆರಳಲ್ಲಿ ಚಾಪೆ ಹಾಸಿ ಸಾಲಾಗಿ ಮಲಗಿಬಿಟ್ಟರು. ಮದುಮಗಳನ್ನು ಕರೆದುಕೊಂಡು ಹೊರಡುವ ಹೊತ್ತಾಯಿತೆಂದು ವ್ಯಾನಿನ ಡ್ರೈವರ್ ಹಾರ್ನ್ ಬಾರಿಸಿದ. ಒಬ್ಬರೂ ಮಿಸುಕಲಿಲ್ಲ.

“ಎಬ್ಬುಸ್ಲಾ ಮಾವ?” ಎಂದು ಹೊಸ ಅಳಿಯ ಕೇಳಿದ.

“ಬ್ಯಾಡಿ ಬುಡಿ, ಮಲಿಕ್ಕಳ್ಲಿ,” ಎಂದ ಪುಟ್ಟಮಾದು, ಮಗಳ ಪಕ್ಕ ಜಗಲಿಯ ಮೇಲೆ ಕೂರುತ್ತಾ. “ನೀವೂ ಒಸಿ ಒರಗಿಕೊಳ್ಳಿ.”

ಅಪ್ಪ ಮಗಳಿಗೆ ಮಾತಾಡಲು ಇನ್ನೂ ಒಂದು ಗಂಟೆ ಸಿಕ್ಕಿತು.