ಅವ್ವನ ಬಾಯಿಗಿಟ್ಟ ತೆಲುಗು

ಬೋರಕ್ಕನ ಕೂಸಿಗೆ ಹೆಸರಿಡಲು ಇನ್ನು ಮೂರೇ ದಿನವಿತ್ತು. ಬರಬೇಕಾದವರು ಮಾತ್ರ ಕನಸಿಗೆ ಬಂದಿರಲಿಲ್ಲ.

ಮೊಳಕಾಲ್ಮೂರಿನ ಹತ್ತಿರದ ಆ ಹಟ್ಟಿಯಲ್ಲಿ, ಅವಳ ಗಂಡ ಜಂಪಣ್ಣನ ಮನೆಯಲ್ಲಿ, ಹೆಸರನ್ನು ಬದುಕಿದ್ದವರು ಆರಿಸುತ್ತಿರಲಿಲ್ಲ. ತೀರಿಹೋದ ಹಿರಿಯರೊಬ್ಬರು ಬಾಣಂತಿಯ ಕನಸಿಗೆ ಬಂದು ಮಾತಾಡಬೇಕು, ಅವರ ಹೆಸರನ್ನೇ ಕೂಸಿಗೆ ಇಡಬೇಕು. ಒಂಬತ್ತನೆಯ ದಿನದೊಳಗೆ ಯಾರೂ ಬರದಿದ್ದರೆ ಅತ್ತೆ ಹೇಳಿದ ಹೆಸರು. ಕನಸು ಕಂಡವಳು ನೀರು ಮುಟ್ಟುವ ಮೊದಲೇ ಅತ್ತೆಗೆ ಹೇಳಬೇಕು. ಅತ್ತೆ ಕೇಳುವುದು ಎರಡೇ ಪ್ರಶ್ನೆ: ಯಾರು ಬಂದಿದ್ದರು, ಯಾವ ಮಾತಾಡಿದರು. ಮುಖ್ಯವಾದದ್ದು ಎರಡನೆಯದೇ. ಮುಖವನ್ನು ಯಾವ ಗಾಳಿಯಾದರೂ ಹಾಕಿಕೊಂಡು ಬರಬಹುದಂತೆ, ಮನೆಮಾತು ಮಾತ್ರ ಮನೆಯವರಿಗೇ ಬರುವುದಂತೆ. ಆ ಮನೆಯ ಮಾತು ತೆಲುಗು. ತೆಲುಗಾಡಿದವರು ಒಳಗಿನವರು, ಕನ್ನಡವಾಡಿದವರು ಹೊರಗಿನವರು. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಬೋರಕ್ಕನಿಗೆ ಬೇಕಾಗಿದ್ದದ್ದು ಒಂದೇ ಹೆಸರು, ನಿಂಗಕ್ಕ. ಅದು ಅವಳ ಹೆತ್ತವ್ವನದು. ತವರೂರು ಸಿದ್ದಾಪುರಕ್ಕೆ ಪ್ಲೇಗು ಬಂದು, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ನಿಂಗಕ್ಕ ಹೋಗಿಬಿಟ್ಟಳು. ಬಸುರಿ ಮಗಳನ್ನು ಯಾರೂ ಅತ್ತ ಬಿಡಲಿಲ್ಲ. ಸುದ್ದಿ ಬಂದದ್ದೇ ಹನ್ನೊಂದು ದಿನದ ಮೇಲೆ. ತವರಿಲ್ಲದೆ ಬಾಣಂತನವೂ ಇಲ್ಲೇ ಆಯಿತು. ಅವ್ವನ ಮುಖ ನೋಡಲಿಲ್ಲ, ಮಣ್ಣು ಹಾಕಲಿಲ್ಲ. ಹೆಸರನ್ನಾದರೂ ದಿನಕ್ಕೆ ಹತ್ತು ಸಲ ಬಾಯಿ ತುಂಬ ಕೂಗಬೇಕು ಎಂದು ಅವಳ ಜೀವ ಬಡಿದುಕೊಳ್ಳುತ್ತಿತ್ತು.

ಆದರೆ ನಿಂಗಕ್ಕನಿಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಮದುವೆಯಾದ ವರ್ಷ ಮಗಳನ್ನು ನೋಡಲು ಬಂದವಳು, ಕಂಬಕ್ಕೊರಗಿ ಕೂತು ಎಲ್ಲರ ಮಾತಿಗೂ ನಗುತ್ತಾ, "ಏನಂತಾರೆ? ಏನಂತಾರೆ?" ಎಂದು ಮಗಳ ಸೆರಗು ಜಗ್ಗುತ್ತಿದ್ದಳು. ಅತ್ತೆ ಯರ್ರಮ್ಮನಿಗೋ ಕನ್ನಡವೆಂದರೆ ಚಳ್ಳಕೆರೆ ಸಂತೆಯ ಮಾತು, ಅಲ್ಲಿ ಆಡಿ ಹೊಸಿಲಿನಾಚೆಗೇ ಬಿಟ್ಟು ಬರುವಂಥದ್ದು. ಬೀಗತಿ ಏನು ಹೇಳಿದರೂ ಊಂಗುಟ್ಟಿ ಸುಮ್ಮನಾಗಿದ್ದಳು.

ಬೋರಕ್ಕನ ಬಾಯಿಗೂ ಹೊಸದರಲ್ಲಿ ಬೀಗ ಬಿದ್ದಿತ್ತು. ಆರು ವರ್ಷದಲ್ಲಿ ತೆಲುಗು ಎಷ್ಟು ಮೈಗೂಡಿತೆಂದರೆ, ಒಲೆಯ ಮುಂದೆ ಕೈ ಸುಟ್ಟುಕೊಂಡರೆ 'ಅಮ್ಮಾ' ಎನ್ನುವಳೇ ಹೊರತು 'ಅವ್ವಾ' ಎನ್ನುತ್ತಿರಲಿಲ್ಲ.

ಕಡೆಗೆ ಅವಳು ಸುಳ್ಳು ಹೇಳುವುದೆಂದೇ ತೀರ್ಮಾನಿಸಿದಳು. ನಮ್ಮವ್ವ ಬಂದಿದ್ದಳು, ತೆಲುಗಿನಲ್ಲೇ ಮಾತಾಡಿದಳು ಎಂದುಬಿಡುವುದು. ಯರ್ರಮ್ಮ ಸಾಮಾನ್ಯಳಲ್ಲ, ಸ್ವಲ್ಪ ತಡವರಿಸಿದರೂ ಹಿಡಿದುಹಾಕುವಳು. ಅದಕ್ಕೇ ಕೂಸಿಗೆ ಹಾಲೂಡುತ್ತಾ ಪಾಠ ಮಾಡಿಕೊಂಡಳು. ಅವ್ವ ಏನು ಕೇಳಿಯಾಳು? ಇನ್ನೇನು, ಉಂಡೆಯಾ ಎಂದು. 'ತಿಂಟಿವಾ ಬಿಡ್ಡಾ?' ಉಂಡೆಯಾ ಮಗಳೇ? ಯರ್ರಮ್ಮ ದಿನಾ ತನ್ನನ್ನು ಕೇಳುವುದು ಹಾಗೆಯೇ, ಹಾಗಾಗಿ ಆ ಮಾತು ಸಲೀಸಾಗಿ ಸಿಕ್ಕಿತು. ಅದನ್ನು ಅವ್ವನ ಬಾಯಿಗಿಟ್ಟು ಎರಡು ದಿನ ಮನಸ್ಸಿನಲ್ಲೇ ಆಡಿಸಿದಳು.

ಎಂಟನೆಯ ದಿನ ಮಧ್ಯಾಹ್ನ ಜೊಂಪು ಹತ್ತಿತು. ನಿಂಗಕ್ಕ ನಿಜವಾಗಿಯೂ ಬಂದಳು! ಅದೇ ಹಸಿರು ಸೀರೆ, ಮೊಣಕಾಲಿಗೆ ಕೈಯೂರಿ ಕೂರುವ ಅದೇ ರೀತಿ. ಮಗಳ ಹಣೆ ಮುಟ್ಟಿ, ಎಲ್ಲೂ ತಡವರಿಸದೆ ಕೇಳಿದಳು: "ತಿಂಟಿವಾ ಬಿಡ್ಡಾ?"

ಎಚ್ಚರವಾದಾಗ ಬೋರಕ್ಕ ಕುಣಿಯಬೇಕಿತ್ತು. ಸುಳ್ಳಿನ ಪಾಪವಿಲ್ಲದೆ ಹೆಸರು ದಕ್ಕಿತ್ತಲ್ಲ. ಆದರೆ ಅವಳು ಅವ್ವನ ಕನ್ನಡವನ್ನು ಹುಡುಕತೊಡಗಿದಳು. ಅವ್ವ ಕನ್ನಡದಲ್ಲಿ ಇದನ್ನು ಹೇಗೆ ಕೇಳುತ್ತಿದ್ದಳು? ಮಾತೇನೋ ಗೊತ್ತಿತ್ತು, ದನಿ ಬರಲಿಲ್ಲ. ಕಣ್ಣು ಮುಚ್ಚಿ ಎಷ್ಟು ಕರೆದರೂ ಅವ್ವ ತೆಲುಗಿನಲ್ಲೇ ಓಗೊಟ್ಟಳು. ಕಲಿಸಿದವಳು ತಾನೇ, ಇನ್ನು ಯಾರನ್ನು ಬಯ್ಯುವುದು.

ಯರ್ರಮ್ಮ ಬಿಸಿನೀರಿನ ಚೆಂಬು ಹಿಡಿದು ಒಳಗೆ ಬಂದಳು. ಮುಂದೆ ಅವರಾಡಿದ್ದು ತೆಲುಗಿನಲ್ಲಿ, ನಾನು ಹೇಳುತ್ತಿರುವುದು ಕನ್ನಡದಲ್ಲಿ. ಅಷ್ಟು ನೆನಪಿರಲಿ.

"ನೀರು ಆಮ್ಯಾಲೆ, ಅತ್ತಮ್ಮ," ಎಂದಳು ಬೋರಕ್ಕ.

ಯರ್ರಮ್ಮ ಚೆಂಬು ಕೆಳಗಿಟ್ಟಳು. "ಯಾರು ಬಂದಿದ್ರು?"

"ನಮ್ಮವ್ವ."

"ಯಾವ ಮಾತು?"

"ತೆಲುಗು."

ತನ್ನ ಅತ್ತೆ ಪಾಲಮ್ಮನ ಹೆಸರಿಡಬೇಕೆಂದು ಯರ್ರಮ್ಮನಿಗೂ ಆಸೆಯಿತ್ತು. ಆದರೂ ಹೇಳಿದಳು: "ಹಂಗಾದ್ರೆ ಮನೆಯೋಳೇ ಆದ್ಲು. ನಿಂಗಕ್ಕ ಅಂತಾನೇ ಇಡಾನ."

ಗೆದ್ದವಳು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಹೆಸರು ಕೈತಪ್ಪಿದರೂ ಸರಿ ಎಂದು ಎಲ್ಲವನ್ನೂ ಹೇಳಿಬಿಟ್ಟಳು. "ಅವ್ವಂಗೆ ತೆಲುಗು ಬರ್ತಿರ್ಲಿಲ್ಲ, ಅತ್ತಮ್ಮ. ನಾನೇ ಅವಳ ಬಾಯಿಗಿಟ್ಟೆ. ಈಗ ಅವಳ ಮಾತು ನಂಗೆ ಕೇಳಿಸ್ತಾನೇ ಇಲ್ಲ. ಹೆಸರು ಬಂತು, ಅವ್ವನೇ ಹೋದ್ಲು."

ಯರ್ರಮ್ಮ ಬಯ್ಯಲಿಲ್ಲ. ಮಂಚದ ಅಂಚಿಗೆ ಕೂತು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಮದುವೆಯಾದ ವರ್ಷ ನಿನ್ನ ನೋಡಾಕೆ ಬಂದು ಹೋಗೋವಾಗ ನಿಮ್ಮವ್ವ ಹುಣಸೆಮರದ ತಾವ ನನ್ನ ಎರಡೂ ಕೈ ಹಿಡ್ಕಂಡ್ಲು. ನಂಗೆ ತಿಳೀಲಿಲ್ಲ ಅಂದ್ಕಂಡು ಎರಡೆರಡು ಸಲ ಹೇಳಿದ್ಲು. ನಂಗೆ ಮೊದಲ ಸಲಕ್ಕೇ ತಿಳಿದಿತ್ತು, ಹೇಳ್ಕೊಳ್ಳೋಕೆ ಬಿಗುಮಾನ."

ಆಮೇಲೆ ಆ ಮನೆಯೊಳಗೆ ಮೊದಲ ಸಲ ಯರ್ರಮ್ಮ ಕನ್ನಡವಾಡಿದಳು. ತೊಡಕು ತೊಡಕಾದ ಕನ್ನಡ, ಆದರೆ ಎಳೆತವೆಲ್ಲ ನಿಂಗಕ್ಕನದೇ. "ನಮ್ ಬೋರಿ ಹಸಿದ್ರೂ ಬಾಯಿ ಬಿಡಲ್ಲ. ನೀವೇ ಕೇಳ್ರವ್ವ. ಉಂಡ್ಯೇನೇ ಬೋರೀ, ಅಂತ ದಿನಾ ಒಂದ್ಸಲ ಕೇಳ್ರಿ."

ಬೋರಕ್ಕನ ಅಳು ನಿಂತಿತು.

"ಅವಳು ಕೇಳು ಅಂದಿದ್ದನ್ನೇ ಆರು ವರ್ಷದಿಂದ ಕೇಳ್ತಾ ಇದೀನಿ," ಎಂದಳು ಯರ್ರಮ್ಮ, ಮತ್ತೆ ತೆಲುಗಿಗೆ ಮರಳಿ. "ನಂಗೆ ಬರೋ ಮಾತಲ್ಲಿ ಕೇಳ್ದೆ. ನಿನ್ನ ಕನಸಲ್ಲಿ ಸುಳ್ಳೇನೈತೆ? ಹೆಸರು ನಿಂಗಕ್ಕನೇ."

ಕೂಸನ್ನೆತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಸೊಸೆಯ ಕಡೆ ನೋಡದೆ, ನಾಚಿಕೊಂಡೇ ಕೇಳಿದಳು: "ಉಂಡ್ಯೇನೇ ಬೋರೀ?"

"ಇಲ್ಲವ್ವ," ಎಂದಳು ಬೋರಕ್ಕ.