ಎತ್ತಿ ಕುಡಿದ ನೀರು

ಗದ್ವಾಲದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾದ ಮೇಲೆ ಪೆಂಟಮ್ಮ ಹೊಟ್ಟೆ ತುಂಬ ನೀರು ಕುಡಿದಿರಲಿಲ್ಲ. ಕಿಡ್ನಿ ಕೆಲಸ ಬಿಟ್ಟಿವೆ, ಹೆಚ್ಚು ಕುಡಿದರೆ ನೀರು ಎದೆಗೆ ಏರಿ ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು. ಇಡೀ ದಿನಕ್ಕೆ ಅವಳ ಪಾಲಿಗೆ ಒಂದು ಸಣ್ಣ ಬಾಟಲಿ, ಅಷ್ಟೇ.

ಅಂದಿನಿಂದ ಗಂಡ ಬಾಲಯ್ಯ ಅವಳೆದುರು ನೀರು ಮುಟ್ಟಲಿಲ್ಲ. ಕುರಿ ಮೇಯಿಸಿ ಬಂದವನು ಹಟ್ಟಿಯ ಹಿಂದೆ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಊಟದ ನಡುವೆ ಬಿಕ್ಕಳಿಕೆ ಬಂದರೂ ನೀರು ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಚೊಂಬು ಹಿಡಿದು ಹಿಂದಕ್ಕೆ ಹೊರಟಾಗ ಪೆಂಟಮ್ಮ ಸಿಡುಕಿದಳು.

"ಎಲ್ಲಿಗೆ ಹೊಂಟೀರಿ? ನಾನೇನು ಕಸಗೊಂತೀನಾ?"

"ನೋಡಿದ್ರ ನಿನಗ ಆಸೆ ಆಗ್ತೈತಿ."

"ಆಸೆ ಯಾವಾಗ್ಲೂ ಐತಿ. ಇಲ್ಲೇ ಕುಂತು ಎತ್ತಿ ಕುಡೀರಿ."

ಅಡವಿಯಲ್ಲಿ ಕುರಿಗಾರರು ಒಂದೇ ಚೊಂಬನ್ನು ತುಟಿಗೆ ತಾಗಿಸಿ ಎಂಜಲು ಮಾಡದೆ ಕುಡಿಯುವುದು ಹಾಗೆ. ಬಾಲಯ್ಯ ಅವಳೆದುರು ಕುಕ್ಕುರುಗಾಲಲ್ಲಿ ಕುಳಿತು ಚೊಂಬು ಎತ್ತಿದ.

"ತಣ್ಣಗ ಅದಾವೇನ್ರಿ?"

"ಹೂಂ. ಗಡಿಗ್ಯಾಗಿನವು."

ಅವನು ತಲೆ ಹಿಂದಕ್ಕೆ ಚಾಚಿ ಬಾಯಿಗೆ ಸುರಿದುಕೊಂಡ. ಗಟಗಟ ಸದ್ದಿಗೆ ಅವನ ಗಂಟಲು ಏರಿಳಿಯಿತು. ಅದರ ಜೊತೆಗೇ ಪೆಂಟಮ್ಮನ ಒಣಗಂಟಲೂ ಏರಿಳಿಯಿತು. ಗಡ್ಡದಿಂದ ಎದೆಗೆ ಇಳಿದ ನೀರನ್ನು ಅವಳು ಕಣ್ಣು ಕೀಳದೆ ನೋಡಿದಳು.

ಚೊಂಬು ಬರಿದಾಯಿತು. ಬಾಲಯ್ಯ ತಲೆ ತಗ್ಗಿಸಿ ಕುಳಿತ.

ಪೆಂಟಮ್ಮ ತುಟಿ ಸವರಿಕೊಂಡಳು.

"ಇನ್ನೊಂದು ಚೊಂಬು ತರ್ರಿ," ಎಂದಳು. "ಈ ಸಲ ಸಾವಕಾಶ ಕುಡೀರಿ."