ಅಣಬೆಯ ಬಲೆಯಲ್ಲಿ ಕುರಿ

ನಮ್ಮ ಅತ್ತಿಗೆ ಕಲ್ಲಮ್ಮನ ಮೊಮ್ಮಗಳು ಮೇಘಶ್ರೀ ಅಡಿಕೆ ಮರದ ಅಣಬೆ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಬಸವಾಪಟ್ಟಣದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನಾನು ಕೆಮ್ಮುತ್ತೇನೆ. ಹಾಗಾಗಿ ಮೊನ್ನೆ ಅವಳು ಫೋನಿನಲ್ಲಿ ಬೈದದ್ದು ನನ್ನ ಕಿವಿಗೂ ಬಿತ್ತು. ಬೇರೆಯವರ ಮಾತು ಕೇಳಬಾರದು ಎನ್ನುವಷ್ಟು ಮರ್ಯಾದಸ್ಥ ನಾನಲ್ಲ. ಕುರ್ಚಿ ಎಳೆದುಕೊಂಡೇ ಕೇಳಿದೆ.

“ಕುರಿ ಹಟ್ಟಿಯಿಂದ ನೆಟ್ಟಗೆ ಲ್ಯಾಬಿಗೆ ಬಂದ್ರೆ ಹಿಂಗೇ ಆಗೋದು ಪವಿತ್ರ! ಕೈ ತೊಳಿಯಾಕೂ ಬರಲ್ವಾ ನಿಂಗೆ? ಗೈಡ್ ಸರ್‌ಗೆ ಮೇಲ್ ಹಾಕೀನಿ. ಇನ್ನು ನೀನುಂಟು, ಅವರುಂಟು.”

ಪವಿತ್ರ ಗೊತ್ತು ನನಗೆ. ಜಗಳೂರು ಕಡೆಯ ಬಿಳಿಚೋಡಿನವಳು, ಕುರಿ ಸಾಕುವವರ ಮಗಳು, ಇವಳ ಜೊತೆಯಲ್ಲೇ ಓದುವವಳು. ಹೋದ ಹಬ್ಬದಲ್ಲಿ ನಮ್ಮಲ್ಲೇ ಹೋಳಿಗೆ ಉಂಡು, ಕಣಕ ಗಟ್ಟಿಯಾಯಿತು ಎಂದು ಕಲ್ಲಮ್ಮನಿಗೇ ಪಾಠ ಹೇಳಿ ಹೋಗಿದ್ದಳು. ಅಂಥ ಹುಡುಗಿಗೆ ಈ ಮಾತೇ?

ಎದ್ದು ಹೋದೆ. “ಏನೇ ಇದು, ಸಂತೆ ಮಾಡ್ತಿದೀಯಾ?”

“ನೀವೇ ನೋಡ್ರಿ ಸಣ್ಣಜ್ಜ,” ಎಂದು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. ಪರದೆಯ ತುಂಬ ಚುಕ್ಕಿ, ಚುಕ್ಕಿಯಿಂದ ಚುಕ್ಕಿಗೆ ಗೆರೆ. ಜೇಡ ಕುಡಿದು ನೇಯ್ದ ಬಲೆಯ ಹಾಗಿತ್ತು. ಅವಳು ಬಿಡಿಸಿ ಹೇಳಿದಳು. ರೋಗದ ಅಣಬೆಯ ಜೀನೋಮನ್ನು, ಅಂದರೆ ಅದರ ವಂಶದ ಬರಹವನ್ನು, ಓದಿಸಿ ಒಂದು ವೆಬ್‌ಸೈಟಿಗೆ ಹಾಕಬೇಕಂತೆ. ಅಣಬೆಯೊಳಗೆ ಯಾವ ಯಾವ ಪ್ರೋಟೀನು ಇರಬಹುದು, ಯಾವುದು ಯಾವುದರ ಜೊತೆ ಸೇರಿ ಕೆಲಸ ಮಾಡಬಹುದು ಎಂದು ಅದು ಊಹಿಸಿ ಬಲೆ ಬರೆದು ಕೊಡುತ್ತದಂತೆ. ಬಲೆಯ ಮುಖ್ಯ ಗಂಟು ಸಿಕ್ಕಿದರೆ ರೋಗದ ಕುತ್ತಿಗೆ ಸಿಕ್ಕ ಹಾಗೆ.

“ಅದಕ್ಕೆ ಹೆಂಗೆ ಗೊತ್ತಾಗ್ತೈತೆ?”

“ಮೊದ್ಲೇ ಗೊತ್ತಿರೋ ಜೀವಿಗಳನ್ನ ನೋಡಿ. ಅಲ್ಲಿ ಈ ಎರಡು ಜೊತೆಗಿದ್ರೆ, ಇಲ್ಲೂ ಇರಬಹುದು ಅಂತ.”

“ಹೆಣ್ಣು ತೋರಿಸೋ ನಮ್ಮ ಗುರುಬಸವರಾಜನೂ ಅಷ್ಟೇ. ಸೋದರಮಾವನ ಮುಖ ನೋಡಿ ಹುಡುಗನ ಗುಣ ಹೇಳ್ತಾನೆ.”

ಅವಳು ನಗಲಿಲ್ಲ. ಅಣಬೆಯ ತುಂಡು ತಂದವಳು ಇವಳು, ನಮ್ಮದೇ ತೋಟದಿಂದ. ಲ್ಯಾಬಿನಲ್ಲಿ ಅದನ್ನು ಅರೆದು, ಓದಿಸಿ, ವೆಬ್‌ಸೈಟಿಗೆ ಹಾಕಿದವಳು ಪವಿತ್ರ. ಬಲೆ ಬಂದಾಗ ನೋಡಿದರೆ ಅರ್ಧ ಅಣಬೆ. ಇನ್ನರ್ಧ ಕುರಿ ಮತ್ತು ಕುರಿಯ ಹೊಟ್ಟೆಯೊಳಗಿನ ಸೂಕ್ಷ್ಮಾಣುಗಳು.

“ಅಡಿಕೆ ಮರಕ್ಕೆ ಕುರಿ ಎಲ್ಲಿಂದ ಬರ್ತೈತೆ ಸಣ್ಣಜ್ಜ? ಅವಳ ಕೈಯಿಂದಲೇ. ಸೋಮವಾರ ಮೀಟಿಂಗ್ ಐತೆ. ಸರ್ ಅವಳನ್ನ ಈ ಕೆಲಸದಿಂದಲೇ ತೆಗಿತಾರೆ.”

ಒಳಗೆ ಅಕ್ಕಿ ಆರಿಸುತ್ತಿದ್ದ ಕಲ್ಲಮ್ಮ ಮೊರ ಹಿಡಿದೇ ಹೊರಗೆ ಬಂದಳು.

“ಯಾವ ಮರದ್ದೇ ನೀನು ಕಿತ್ಕೊಂಡು ಹೋಗಿದ್ದು?”

“ಬೋರ್‌ವೆಲ್ ಪಕ್ಕದ್ದು.”

“ಅಯ್ಯೋ ಶಿವನೇ. ಅದರ ಬುಡಕ್ಕೆ ಕುರಿ ಹಿಕ್ಕಿ ಕಲಸಿ ಮೆತ್ತಿಸಿದ್ನಲ್ಲೇ!”

ನಮ್ಮ ಕಡೆ ಬೇಸಿಗೆಯಲ್ಲಿ ತೋಟದೊಳಗೆ ಕುರಿ ಮಂದೆ ನಿಲ್ಲಿಸುತ್ತೇವೆ. ರಾತ್ರಿಯೆಲ್ಲ ಅವು ಹಾಕಿದ ಹಿಕ್ಕಿಯೇ ಗೊಬ್ಬರ. ಸೊರಗಿದ ಮರ ಕಂಡರೆ ಕಲ್ಲಮ್ಮ ಆ ಹಿಕ್ಕಿಯನ್ನೇ ಮಣ್ಣಿನ ಜೊತೆ ಕಲಸಿ ಬುಡಕ್ಕೆ ಮೆತ್ತಿಸುತ್ತಾಳೆ. ಅದರಿಂದ ರೋಗ ಹೋದದ್ದನ್ನು ನಾನಂತೂ ಕಂಡಿಲ್ಲ. ಹೇಳಿದರೆ ಕೇಳುವವಳಲ್ಲ.

“ನಾನು ನೋಡಿದಾಗ ಬುಡ ಕ್ಲೀನಾಗಿತ್ತಲ್ಲಜ್ಜಿ!”

“ಇರ್ದೇ ಏನು? ನೀನು ಬರ್ತೀಯ ಅಂತ ನಾನೇ ಕೆರೆದು, ನೀರು ಹೊಡೆದು, ಸೀರೆ ತುಂಡಿನಾಗೆ ಒರೆಸಿದ್ದೆ. ಓದಿದೋರ ಕಣ್ಣಿಗೆ ಹಿಕ್ಕಿ ಮೆತ್ತಿದ ಮರ ತೋರ್ಸಾಕೆ ಆಗ್ತೈತಾ?”

“ಹೇಳಬಾರದಾ ನಂಗೆ?”

“ಕೇಳಿದ್ಯಾ ನೀನು?”

ಮೇಘಶ್ರೀ ಲ್ಯಾಪ್‌ಟಾಪ್ ಮುಚ್ಚಿದಳು. “ಯಾರ ಮಂದೆ ಅದು?” ಎಂದಳು, ಉತ್ತರ ಬೇಡವೇನೋ ಎನ್ನುವಂತೆ.

“ವರ್ಷ ವರ್ಷಾ ಬರೋದು ಬಿಳಿಚೋಡಿನ ಅಜ್ಜಮ್ಮಂದೇ. ಪವಿತ್ರನ ಅವ್ವಂದು.”

ನನಗೇ ತಲೆ ಎತ್ತಲಾಗಲಿಲ್ಲ. ಕುರಿ ಅವರದ್ದೇ ಸೈ. ಆದರೆ ಕರೆದು ನಿಲ್ಲಿಸಿಕೊಂಡವರು ನಾವು, ಮೆತ್ತಿದವರು ನಾವು, ಒರೆಸಿ ಮುಚ್ಚಿದವರೂ ನಾವೇ.

“ಮೆಸೇಜ್ ಹಾಕ್ತೀನಿ ಅವಳಿಗೆ,” ಎಂದು ಹುಡುಗಿ ಫೋನ್ ಎತ್ತಿಕೊಂಡಳು.

“ಬೈಯಾಕೆ ಬಾಯಿ ಬೇಕಿತ್ತು, ಈಗ ಬೆರಳು ಸಾಕಾ?” ಎಂದಳು ಕಲ್ಲಮ್ಮ. “ಎದ್ದೇಳು. ಅವರ ಮನೆಗೇ ಹೋಗು.”

ಮರುದಿನ ಹುಡುಗಿ ಕಾರು ತೆಗೆದಳು, ಪಕ್ಕದಲ್ಲಿ ನಾನು. ನನ್ನನ್ನು ಯಾರೂ ಕರೆದಿರಲಿಲ್ಲ.

ಬಿಳಿಚೋಡಿನಲ್ಲಿ ಅಜ್ಜಮ್ಮ ನಮ್ಮನ್ನು ಕಂಡದ್ದೇ ಕಂಬಳಿ ಹಾಸಿದಳು, ಮಜ್ಜಿಗೆ ತಂದಳು. “ಬಂದ್ಯಾ ನನ್ನವ್ವ! ನಮ್ಮುಡುಗಿ ಯಾಕೋ ಉಣ್ಣಾಕೇ ಏಳವಲ್ಲಳು. ಕೇಳಿದ್ರೆ ನಂಗೆ ಹೇಳಲ್ಲ. ನೀನಾರ ಕೇಳು,” ಎಂದು ಮೇಘಶ್ರೀಯ ಕೆನ್ನೆ ಸವರಿ, ಮರಿಗಳನ್ನು ಕಟ್ಟಲು ಹಿತ್ತಲಿಗೆ ಹೋದಳು. ಸವರಿದ ಕಡೆ ಇವಳ ಮುಖ ಕೆಂಪಾಯಿತು.

ಪವಿತ್ರ ಬಾಗಿಲಲ್ಲೇ ನಿಂತಿದ್ದಳು.

“ಸ್ಯಾಂಪಲ್‌ನಾಗೇ ಏನೋ ಸೇರಿತ್ತಂತೆ ಕಣೇ,” ಎಂದಳು ಮೇಘಶ್ರೀ.

“ಸೇರಿತ್ತಂತೆ? ಯಾರಂದ್ರು?”

ಇವಳು ಎಲ್ಲವನ್ನೂ ಹೇಳಿದಳು, ಕಂಬಳಿಯ ಎಳೆ ಕೀಳುತ್ತ. ಪವಿತ್ರ ಪೂರ್ತಿ ಕೇಳಿದಳು.

“ನಂಗೆ ಹೇಳಿ ಏನು ಬಂತು? ಸರ್‌ಗೆ ಫೋನ್ ಹಚ್ಚು. ಸ್ಪೀಕರ್ ಹಾಕು.”

ಹಚ್ಚಿದಳು. “ಸರ್, ಆ ಸ್ಯಾಂಪಲ್ ಕಲಬೆರಕೆ ಆಗಿತ್ತು...”

“ಅದೇ, ಪವಿತ್ರ ಅವರಿಂದ ಅಂತ ನೀವೇ ಬರೆದಿದ್ರಲ್ಲ,” ಎಂದಿತು ಫೋನು.

ಮೇಘಶ್ರೀ ನನ್ನ ಕಡೆ ನೋಡಿದಳು. ನನ್ನ ನಾಲಿಗೆ ತುದಿಗೆ ಮಾತು ಬಂದಿತ್ತು: ಮುದುಕಿಯ ತಪ್ಪು, ಮಗು ಏನು ಮಾಡೀತು ಎಂದು. ಪವಿತ್ರ ನನ್ನತ್ತ ಒಮ್ಮೆ ನೋಡಿದಳು. ನುಂಗಿಕೊಂಡೆ.

“ಅಲ್ಲ ಸರ್. ಅವಳ ತಪ್ಪಿಲ್ಲ. ನಮ್ಮ ಮರಕ್ಕೇ ಕುರಿ ಗೊಬ್ಬರ ಮೆತ್ತಿದ್ರು. ತೆಗೆದವಳು ನಾನು, ವಿಚಾರಿಸಲಿಲ್ಲ. ಬಲೆಯಲ್ಲಿ ಕುರಿ ಅಂತ ಕಂಡ ತಕ್ಷಣ ನಂಗೆ ಅವಳ ಮನೆ ನೆನಪಾಯ್ತು ಸರ್. ಅಷ್ಟೇ ನೋಡಿ ಬರೆದೆ.”

“ಇದನ್ನೇ ಬರೆದು ಎಲ್ಲರಿಗೂ ಕಳಿಸಿ. ಪವಿತ್ರ ಅವರು ಸೋಮವಾರ ಬರಲಿ,” ಎಂದರು ಸರ್.

ಫೋನ್ ಇಟ್ಟ ಮೇಲೆ ಪವಿತ್ರ ನಿಧಾನಕ್ಕೆ ಹೇಳಿದಳು: “ಆ ವೆಬ್‌ಸೈಟ್ ಒಂದು ಗೆರೆ ಎಳೆದ್ರೂ, ಇದನ್ನ ಎಷ್ಟು ನಂಬಬಹುದು ಅಂತ ಪಕ್ಕದಾಗೆ ಬರಿತೈತೆ ಮೇಘಾ. ನೀನು ಅಷ್ಟೂ ಬರಿಲಿಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಬೀಳ್ಕೊಡಲು ಬರಲಿಲ್ಲ.

ಕಾರಿನ ತನಕ ಬಂದವಳು ಅಜ್ಜಮ್ಮ. ಒಂದು ಗಟ್ಟಿ ಚೀಲವನ್ನು ಹಿಂದಿನ ಸೀಟಿನಲ್ಲಿಟ್ಟಳು. “ಒಣ ಹಿಕ್ಕಿ ಐತವ್ವ. ಬೋರ್‌ವೆಲ್ ಪಕ್ಕದ ಮರ ಸೊರಗೈತೆ ಅಂತಿದ್ಲು ನಿಮ್ಮಜ್ಜಿ. ಈ ಸಲನೂ ಮಂದೆ ಮೊದ್ಲು ನಿಮ್ಮ ತೋಟಕ್ಕೇ ಅಂತ ಹೇಳು. ಹೇಳ್ತೀಯಲ್ಲ?”

ಮೇಘಶ್ರೀ ತಲೆಯಾಡಿಸಿದಳು. ಕಾರು ಚಾಲೂ ಆಗಲು ಬಹಳ ಹೊತ್ತು ಹಿಡಿಯಿತು. ಅವಳು ಕೀಲಿಯನ್ನು ತಿರುಗಿಸಿಯೇ ಇರಲಿಲ್ಲ.